ಲ್ಯಾಬಿಗೂ ಮುಯ್ಯಾಳು

ಬೆಳಗ್ಗೆ ಎಂಟೂ ಮುಕ್ಕಾಲು. ಮಗಳ ಟಿಫನ್ ಬಾಕ್ಸಿಗೆ ಚಪಾತಿ ಹಾಕುತ್ತಿದ್ದೆ. ಫೋನ್ ಬಂತು. 28 ಕಿಲೋಮೀಟರ್ ಆಚೆಯ ಊರಿನ ಕಾಲೇಜಿನ ಅತಿಥಿ ಉಪನ್ಯಾಸಕಿ. ಅವರು ಕೆಲಸಕ್ಕೆ ಸೇರಿ ಎರಡು ವಾರವೂ ಆಗಿರಲಿಲ್ಲ.

"ಮೇಡಂ, ಸ್ಕಾಲರ್‌ಶಿಪ್ ಅರ್ಜಿಗೆ ಇವತ್ತೇ ಕೊನೇ ದಿನ. ಮಕ್ಕಳು ಆಗ್ಲೇ ಬಂದು ಬಾಗಿಲ ಹತ್ರ ನಿಂತಿದ್ದಾರೆ. ಎಂಟು ಸಿಸ್ಟಮ್‌ನಲ್ಲಿ ನೆಟ್ಟೇ ಬರ್ತಿಲ್ಲ. ಯಾವ ಸೈಟ್ ಒತ್ತಿದ್ರೂ ಏನೋ ಎಚ್ಚರಿಕೆ ತೋರಿಸ್ತದೆ."

"ಉಳಿದದ್ದರಲ್ಲಿ ಬರ್ತಿದೆಯಾ?"

"ಬರ್ತಿದೆ."

"ಹಾಗಾದ್ರೆ ಆ ಎಂಟರಲ್ಲಿ ಕೆಳಗೆ ಬಲಗಡೆ ಮೂಲೇಲಿ ತಾರೀಖು ಎಷ್ಟಿದೆ ನೋಡಿ."

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಅಯ್ಯೋ ಮೇಡಂ, 2015 ಜನವರಿ ಅಂತಿದೆ!"

ನೆಟ್ ಕೆಟ್ಟಿರಲಿಲ್ಲ. ಕೆಟ್ಟಿದ್ದು ಮದರ್‌ಬೋರ್ಡ್ ಮೇಲೆ ಕೂತಿರುವ ರೂಪಾಯಿ ನಾಣ್ಯದಷ್ಟು ಅಗಲದ ಸೆಲ್. 2032 ಅನ್ನುತ್ತಾರೆ ಅದಕ್ಕೆ. ಮೂರು ವೋಲ್ಟ್. ಕರೆಂಟು ಇಲ್ಲದಾಗ ಕಂಪ್ಯೂಟರಿನ ಗಡಿಯಾರ ನಡೆಸುವುದು ಅದೇ. ನಾಲ್ಕು ದಿನ ರಜೆ ಅಂತ ಮೇನ್ ಸ್ವಿಚ್ ಆರಿಸಿ ಹೋಗಿದ್ದರು. ಸೆಲ್ ಸತ್ತಿದ್ದ ಸಿಸ್ಟಮ್‌ಗಳೆಲ್ಲ ಹಳೆಯ ತಾರೀಖಿಗೆ ಹೋಗಿ ಕೂತವು. ಸೈಟು ಅಸಲಿ ಅಂತ ಬ್ರೌಸರಿಗೆ ತೋರಿಸುವ ಸರ್ಟಿಫಿಕೇಟಿಗೆ ಇಂಥ ದಿನದಿಂದ ಇಂಥ ದಿನದವರೆಗೆ ಅಂತ ಅವಧಿ ಇರುತ್ತದೆ. 2015ರಲ್ಲಿ ಕೂತ ಬ್ರೌಸರಿಗೆ ಆ ಸರ್ಟಿಫಿಕೇಟ್ ಇನ್ನೂ ಹುಟ್ಟೇ ಇಲ್ಲ. ಹಾಗಾಗಿ ಒಳಗೆ ಬಿಡುವುದಿಲ್ಲ.

"ಸದ್ಯಕ್ಕೆ ತಾರೀಖು, ಗಂಟೆ ಎರಡೂ ಕೈಯಲ್ಲೇ ಸರಿ ಮಾಡಿ, ಬ್ರೌಸರ್ ಮುಚ್ಚಿ ಮತ್ತೆ ತೆಗೀರಿ. ಸಂಜೆ ಬಸ್ಸಿಗೆ ಎಂಟು ಸೆಲ್ ಕಳಿಸ್ತೇನೆ."

ಐದು ನಿಮಿಷಕ್ಕೆ ಮತ್ತೆ ಫೋನ್. ಎಂಟೂ ಸರಿಯಾಗಿದ್ದವು. ಆವತ್ತು ಸಂಜೆಯ ಹೊತ್ತಿಗೆ ಎಷ್ಟು ಮಕ್ಕಳು ಅರ್ಜಿ ಹಾಕಿದರೋ ನಾನು ಕೇಳಲಿಲ್ಲ. ಆದರೆ ಆ ಐದು ನಿಮಿಷ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಸಮಸ್ಯೆ ನಲವತ್ತು ರೂಪಾಯಿ ಸೆಲ್ಲಿನದು. ಅದು ಸೆಲ್ಲಿನದು ಅಂತ ಹೇಳುವವರು ಪಕ್ಕದಲ್ಲಿ ಇಲ್ಲದೆ ಇದ್ದಿದ್ದರೆ ಬಡ ಮಕ್ಕಳ ಒಂದು ವರ್ಷದ ಸ್ಕಾಲರ್‌ಶಿಪ್ಪೇ ಹೋಗುತ್ತಿತ್ತು.

ನಾನು ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಪದವಿ ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ಹದಿನೇಳು ವರ್ಷವಾಯಿತು. ನಾನೂರು ಚಿಲ್ಲರೆ ಮಕ್ಕಳು, ಒಂದು ಲ್ಯಾಬ್, 24 ಸಿಸ್ಟಮ್, ಪ್ರೊಜೆಕ್ಟರ್ ಇರುವ ಮೂರು ತರಗತಿ. ಇಷ್ಟಕ್ಕೂ ನಾನೊಬ್ಬಳೇ. ಲ್ಯಾಬ್ ಬಿಟ್ಟು ಆಫೀಸಿನ ಪ್ರಿಂಟರ್, ಗೇಟಿನ ಸಿಸಿ ಕ್ಯಾಮೆರಾ, ಪ್ರವೇಶಾತಿ ಸಮಯದ ಅರ್ಜಿಗಳು, ಪರೀಕ್ಷೆ ಫೀ, ಗ್ರಂಥಾಲಯದ ಬಾರ್‌ಕೋಡ್ ಓದುವ ಯಂತ್ರ, ವಾರ್ಷಿಕೋತ್ಸವದ ದಿನ ಮೈಕು ಕೂಡ. ನಮ್ಮ ಸುತ್ತಲಿನ ಸಣ್ಣ ಕಾಲೇಜುಗಳಲ್ಲೆಲ್ಲ ಇದೇ ಕಥೆ. ಕೆಲವು ಕಡೆ ಇನ್‌ಸ್ಟ್ರಕ್ಟರ್ ಹುದ್ದೆಯೇ ಇಲ್ಲ. ಅತಿಥಿ ಉಪನ್ಯಾಸಕರು ಪಾಠ ಮಾಡಿ, ಮಿಕ್ಕ ಹೊತ್ತಲ್ಲಿ ಸ್ಕ್ರೂಡ್ರೈವರ್ ಹಿಡಿಯುತ್ತಾರೆ.

ಮೊದಲೆಲ್ಲ ನಮಗೂ ವಾರ್ಷಿಕ ನಿರ್ವಹಣೆಯ ಕರಾರು ಇತ್ತು. ಎಎಂಸಿ ಅಂತ ಎಲ್ಲರೂ ಹೇಳುವುದು ಅದನ್ನೇ. ದೂರದ ಪೇಟೆಯಿಂದ ಹುಡುಗ ಬರಬೇಕು. ಒಂದು ಸಿಸ್ಟಮ್ ಕೆಟ್ಟಿದೆ ಅಂದರೆ ಬರುವುದಿಲ್ಲ, ಐದಾರು ಆಗಲಿ ಅಂತ ಕಾಯುತ್ತಾನೆ. ಅವನ ತಪ್ಪೂ ಇಲ್ಲ. ಒಂದು ರ್‍ಯಾಮ್ ಒರೆಸೋದಕ್ಕೆ ಎರಡು ಗಂಟೆ ಬಸ್ಸಲ್ಲಿ ಬಂದು ಹೋದರೆ ಅವನಿಗೇನು ಗಿಟ್ಟುತ್ತದೆ? ಆದರೆ ನಮ್ಮ ಮಕ್ಕಳು ಅಷ್ಟು ದಿನ ಒಂದೇ ಕೀಬೋರ್ಡ್ ಮುಂದೆ ಮೂರು ಮೂರು ಜನ ಕೂರುತ್ತಾರೆ. ಮೂರು ಜನ ಕೂತಾಗ ಟೈಪ್ ಮಾಡುವುದು ಒಬ್ಬರೇ. ಅದು ಯಾವಾಗಲೂ ಮನೆಯಲ್ಲಿ ಲ್ಯಾಪ್‌ಟಾಪ್ ಇರುವ ಮಗು. ಇದನ್ನು ನಾನು ವರ್ಷಾನುಗಟ್ಟಲೆ ನೋಡಿದ್ದೇನೆ. ಹಿಂದೆ ನಿಂತು ನೋಡಿಕೊಂಡೇ ಮೂರು ವರ್ಷ ಮುಗಿಸುವ ಹುಡುಗಿಯರ ಮುಖ ನನಗೆ ನೆನಪಿದೆ.

2018ರ ಜುಲೈ. ಮಳೆಗಾಲ ಅಂದರೆ ನಮ್ಮಲ್ಲಿ ಕರೆಂಟಿನ ಜೊತೆ ಕಣ್ಣಾಮುಚ್ಚಾಲೆ. ನಮ್ಮ ಯುಪಿಎಸ್ ಎರಡು ನಿಮಿಷವೂ ನಿಲ್ಲುತ್ತಿರಲಿಲ್ಲ. ಬ್ಯಾಟರಿ ಎಲ್ಲ ಹೋಗಿದೆ, 16 ಬ್ಯಾಟರಿ ಬದಲಾಯಿಸಬೇಕು ಅಂತ ಕೊಟೇಶನ್ ಬಂತು. ಮೊತ್ತ ನೋಡಿ ಪ್ರಿನ್ಸಿಪಾಲರು ಫೈಲ್ ಮುಚ್ಚಿಟ್ಟರು. ಆ ವಾರ ಪರೀಕ್ಷೆಗೆ ಎಕ್ಸ್‌ಟರ್ನಲ್ ಆಗಿ ಬಂದಿದ್ದವರು ಪಕ್ಕದ ತಾಲೂಕಿನ ಕಾಲೇಜಿನ ಒಬ್ಬ ಸರ್. ಪ್ರಾಕ್ಟಿಕಲ್ ನಡುವೆ ಮೂರು ಸಲ ಕರೆಂಟು ಹೋಗಿ, ಮಕ್ಕಳು ಟೈಪ್ ಮಾಡಿದ್ದೆಲ್ಲ ಹೋಯಿತು. ಅವರು ಪರೀಕ್ಷೆ ಮುಗಿಸಿ, ಅಂಕಪಟ್ಟಿಗೆ ಸಹಿ ಹಾಕಿ, "ಮೇಡಂ, ಬ್ಯಾಟರಿ ರ್‍ಯಾಕ್ ಎಲ್ಲಿದೆ?" ಅಂದರು. ಬ್ಯಾಗಿನಿಂದ ಮಲ್ಟಿಮೀಟರ್ ತೆಗೆದರು.

ನಾನು ರ್‍ಯಾಕಿನ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ, "ಮೊದಲು ಬಳೆ ತೆಗೀರಿ" ಅಂದರು. ಅವರೂ ಉಂಗುರ, ವಾಚು ತೆಗೆದು ಜೇಬಿಗೆ ಹಾಕಿಕೊಂಡರು. ಹನ್ನೆರಡು ವೋಲ್ಟಿನ 16 ಬ್ಯಾಟರಿ ಸಾಲಾಗಿ ಜೋಡಿಸಿದರೆ 192 ವೋಲ್ಟ್. ಯುಪಿಎಸ್ ಆರಿಸಿದರೂ ಅದು ಅಲ್ಲೇ ಇರುತ್ತದೆ. ಅಷ್ಟು ವರ್ಷ ಆ ರ್‍ಯಾಕಿನ ಮೇಲೆ ನಾವು ಹಳೆಯ ರೆಕಾರ್ಡ್ ಪುಸ್ತಕ ಇಡುತ್ತಿದ್ದೆವು. ಯಾರೂ ಹೇಳಿರಲಿಲ್ಲ.

ಲ್ಯಾಬನ್ನು ಬ್ಯಾಟರಿ ಮೇಲೆ ಓಡಿಸಿ ಅವರು ಒಂದೊಂದಕ್ಕೇ ಮೀಟರ್ ಮುಟ್ಟಿಸುತ್ತಾ ಹೋದರು. ನಾನು ಸೀಮೆಸುಣ್ಣದಲ್ಲಿ ಬ್ಯಾಟರಿ ಮೇಲೇ ಬರೆಯುತ್ತಾ ಹೋದೆ. ಹನ್ನೆರಡರ ಆಸುಪಾಸು, ಹನ್ನೆರಡರ ಆಸುಪಾಸು. ಹನ್ನೊಂದನೆಯದು ಮಾತ್ರ ಎಂಟಕ್ಕೆ ಇಳಿಯಿತು. ಸಾಲಿನಲ್ಲಿ ಒಂದು ಸೋತರೆ ಇಡೀ ಸಾಲು ಸೋಲುತ್ತದೆ. ಹೋಗಿದ್ದು ಹದಿನಾರಲ್ಲ, ಒಂದು.

"ಒಂದು ಹೊಸದು ತರಿಸ್ತೀನಿ ಸರ್" ಅಂದೆ. "ಬೇಡ. ಹಳೇ ಸಾಲಿಗೆ ಹೊಸದು ಹಾಕಿದ್ರೆ ಹೊಸದೂ ಬೇಗ ಹಾಳಾಗುತ್ತೆ. ನಮ್ಮಲ್ಲಿ ಇದೇ ವಯಸ್ಸಿನ ಒಂದೆರಡು ಚೆನ್ನಾಗಿರೋವು ಬಿದ್ದಿವೆ. ಕಳಿಸ್ತೀನಿ" ಅಂದರು. ಆ ಬ್ಯಾಟರಿ ನಾಡಿದ್ದಿನ ಬಸ್ಸಿನಲ್ಲಿ ಗೋಣಿಚೀಲದಲ್ಲಿ ಬಂತು. ನಮ್ಮ ಯುಪಿಎಸ್ ಇನ್ನೂ ಎರಡು ಮಳೆಗಾಲ ಕಳೆಯಿತು.

ಯೋಚನೆ ಮಾಡಿ. ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಆ ಬ್ಯಾಟರಿ ಸಿಗುತ್ತಿರಲಿಲ್ಲ. ನಮ್ಮದೇ ವಯಸ್ಸಿನ, ಬಳಸಿದ, ಆದರೆ ಚೆನ್ನಾಗಿರುವ ಬ್ಯಾಟರಿ ಇನ್ನೊಂದು ಕಾಲೇಜಿನ ಮೂಲೆಯಲ್ಲಿ ಮಾತ್ರ ಇರಲು ಸಾಧ್ಯ.

ನನ್ನ ತವರಿನಲ್ಲಿ ನಾಟಿ ಕಾಲಕ್ಕೆ ಮುಯ್ಯಾಳು ಅಂತ ಇತ್ತು. ಇವತ್ತು ನಿಮ್ಮ ಗದ್ದೆಗೆ ನಾವು ನಾಲ್ಕು ಜನ, ನಾಡಿದ್ದು ನಮ್ಮ ಗದ್ದೆಗೆ ನೀವು ನಾಲ್ಕು ಜನ. ಕೂಲಿ ಇಲ್ಲ, ಲೆಕ್ಕ ಇದೆ. ಬರೆದಿಟ್ಟ ಲೆಕ್ಕ ಅಲ್ಲ, ಮನಸ್ಸಿನ ಲೆಕ್ಕ. ಸಸಿ ಬಲಿಯುವ ಮೊದಲು ನಾಟಿ ಮುಗಿಯಬೇಕು, ಆಗ ಆಳು ಬೇಕು, ಆದರೆ ವರ್ಷವಿಡೀ ಆಳು ಇಟ್ಟುಕೊಳ್ಳುವ ಶಕ್ತಿ ಯಾರಿಗೂ ಇಲ್ಲ. ಸಣ್ಣ ಕಾಲೇಜಿನ ಲ್ಯಾಬಿನ ಕಷ್ಟವೂ ಥೇಟ್ ಇದೇ ಅಂತ ನನಗೆ ಆವತ್ತು ಹೊಳೆಯಿತು. ವರ್ಷಕ್ಕೆ ಹತ್ತು ಹದಿನೈದು ದಿನ ನಾಲ್ಕು ಕೈ ಬೇಕು. ಉಳಿದ ದಿನ ಒಬ್ಬರು ಸಾಕು.

ಆ ಸರ್ ಬಸ್ಸು ಹತ್ತುವ ಮೊದಲು ಕೇಳಿದೆ. "ಸರ್, ನಿಮ್ಮಲ್ಲಿ ಏನು ಕೆಟ್ಟಿದೆ?" ಅವರ ಲ್ಯಾಬಿನ ನೆಟ್‌ವರ್ಕ್ ಕೇಬಲ್ ಇಲಿ ಕಡಿದಿತ್ತು. ನನಗೆ ಕ್ರಿಂಪಿಂಗ್, ಅಂದರೆ ಕೇಬಲ್ಲಿನ ತುದಿಗೆ ಕನೆಕ್ಟರ್ ಒತ್ತಿ ಕೂರಿಸುವುದು, ಚೆನ್ನಾಗಿ ಬರುತ್ತದೆ. ಮುಂದಿನ ಶನಿವಾರ ಹೋದೆ. ಅಲ್ಲಿಂದ ಶುರು. ಈಗ ಎರಡು ತಾಲೂಕಿನ ಐದು ಕಾಲೇಜು. ಎರಡು ಸರ್ಕಾರಿ, ಎರಡು ಅನುದಾನಿತ, ಒಂದು ಖಾಸಗಿ. ಒಂದು ವಾಟ್ಸಾಪ್ ಗುಂಪು, ಒಂದು ನೋಟ್‌ಬುಕ್, ಒಂದು ಹಾರ್ಡ್ ಡಿಸ್ಕ್.

ಹಾರ್ಡ್ ಡಿಸ್ಕಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಯಾಕೆಂದರೆ ನಮ್ಮ ಕೆಲಸದಲ್ಲಿ ಜಾಸ್ತಿ ಹೊತ್ತು ಉಳಿಸಿದ್ದು ಅದು. 24 ಸಿಸ್ಟಮ್‌ಗೆ ಆಪರೇಟಿಂಗ್ ಸಿಸ್ಟಮ್, ಕಂಪೈಲರ್, ಡೇಟಾಬೇಸ್, ಕನ್ನಡ ಕೀಲಿಮಣೆ ಎಲ್ಲ ಒಂದೊಂದಾಗಿ ಹಾಕುವುದಕ್ಕೆ ನನಗೆ ಒಂದು ವಾರ ಬೇಕಾಗುತ್ತಿತ್ತು. ಕ್ಲೋನೆಝಿಲ್ಲಾ ಅಂತ ಒಂದು ಉಚಿತ ಸಾಫ್ಟ್‌ವೇರ್ ಇದೆ, ತೈವಾನಿನವರು ಮಾಡಿದ್ದು. ಒಂದು ಸಿಸ್ಟಮ್ ಪೂರ್ತಿ ಸಿದ್ಧ ಮಾಡಿ ಅದರ ಅಚ್ಚು ತೆಗೆದಿಟ್ಟುಕೊಂಡರೆ ಉಳಿದವುಗಳಿಗೆ ಅದನ್ನೇ ಒತ್ತಬಹುದು. ನಾವು ವರ್ಷಕ್ಕೊಮ್ಮೆ ಎಲ್ಲರೂ ಸೇರಿ ಒಂದೇ ಅಚ್ಚು ಮಾಡುತ್ತೇವೆ. ಆಮೇಲೆ ಡಿಸ್ಕು ಕಾಲೇಜಿನಿಂದ ಕಾಲೇಜಿಗೆ ಬಸ್ಸಿನಲ್ಲಿ ಹೋಗುತ್ತದೆ.

ಮೊದಲ ವರ್ಷ ಒಂದು ಪಾಠ ಕಲಿತೆವು. ಅಚ್ಚನ್ನು ನಾನು ನಮ್ಮ 500 ಜಿಬಿ ಡಿಸ್ಕಿನ ಸಿಸ್ಟಮ್‌ನಿಂದ ತೆಗೆದಿದ್ದೆ. ಒಂದು ಕಾಲೇಜಿನವರು ಆಗಷ್ಟೇ 240 ಜಿಬಿಯ, ವೇಗದ ಹೊಸ ಬಗೆಯ ಡಿಸ್ಕಾದ ಎಸ್‌ಎಸ್‌ಡಿ ಹಾಕಿಸಿಕೊಂಡಿದ್ದರು. ಒಳಗಿದ್ದ ಸರಕು 40 ಜಿಬಿಯೂ ಇರಲಿಲ್ಲ. ಆದರೂ ಕೂರಲಿಲ್ಲ. ದೊಡ್ಡ ಡಿಸ್ಕಿನ ಅಚ್ಚು ಸಣ್ಣ ಡಿಸ್ಕಿಗೆ ಸುಮ್ನೆ ಹಾಗೇ ಹೋಗುವುದಿಲ್ಲ. ಅವರು ಶನಿವಾರ, ಭಾನುವಾರ ಎರಡೂ ದಿನ ವ್ಯರ್ಥ ಮಾಡಿಕೊಂಡರು. ಆಗಿನಿಂದ ಐದು ಕಾಲೇಜಿನಲ್ಲಿ ಎಲ್ಲಕ್ಕಿಂತ ಸಣ್ಣ ಡಿಸ್ಕು ಯಾರಲ್ಲಿದೆಯೋ ಅಲ್ಲೇ ಅಚ್ಚು ತಯಾರಾಗುತ್ತದೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇದನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದೇವೆ.

ಅದೇ ನೋಟ್‌ಬುಕ್ಕಿನಲ್ಲಿ ಬೇರೆ ಏನಿದೆ? ರ್‍ಯಾಮ್ ತೆಗೆದು ಚಿನ್ನದ ಬಣ್ಣದ ಅಂಚನ್ನು ಮಕ್ಕಳ ರಬ್ಬರಿನಿಂದ ಉಜ್ಜಿ, ಪುಡಿ ಊದಿ ಮತ್ತೆ ಹಾಕುವುದು. ಮಳೆಗಾಲದಲ್ಲಿ ಬೀಪ್ ಬೀಪ್ ಅಂತ ಕೂಗುವ ಸಿಸ್ಟಮ್‌ಗಳಲ್ಲಿ ಹೆಚ್ಚಿನವು ಇಷ್ಟಕ್ಕೇ ಸರಿಹೋಗುತ್ತವೆ. ತೇವ, ಬೂಷ್ಟು, ಇರುವೆ ನಮ್ಮ ಕಡೆಯ ದೊಡ್ಡ ಶತ್ರುಗಳು. ವಾರಕ್ಕೆರಡು ಸಲವಾದರೂ ಎಲ್ಲ ಸಿಸ್ಟಮ್ ಅರ್ಧ ಗಂಟೆ ಓಡಿಸಿ ಬಿಸಿ ಮಾಡಬೇಕು, ರಜೆಯಲ್ಲೂ. ನಮ್ಮ ಅಟೆಂಡರ್ ಅಣ್ಣ ಇದನ್ನು ಯಾರೂ ಹೇಳದೆ ಮಾಡುತ್ತಾರೆ. ಹೋದ ಆಗಸ್ಟಿನಲ್ಲಿ ಅವರೇ ನೋಟ್‌ಬುಕ್ ಕೇಳಿ ಇಸಿದುಕೊಂಡು ತಮ್ಮ ಕೈಯಲ್ಲೇ ಒಂದು ಸಾಲು ಬರೆದರು. "ಎಸ್‌ಎಂಪಿಎಸ್ ಫ್ಯಾನಿನ ಹತ್ತಿರ ನುಸಿಗುಳಿಗೆ ಇಡಬಾರದು, ಕರಗಿ ಅಂಟುತ್ತದೆ." ಎಸ್‌ಎಂಪಿಎಸ್ ಅಂದರೆ ಸಿಸ್ಟಮ್ ಒಳಗೆ ಕರೆಂಟು ಹಂಚುವ ಡಬ್ಬಿ. ಎಲ್ಲಿ ನೋಡಿದರೋ ಏನೋ. ನನಗೆ ಆ ಸಾಲು ಬಹಳ ಬೆಲೆಬಾಳುವುದು.

ಬಿಡಿಭಾಗ ಕೊಟ್ಟು ತೆಗೆದುಕೊಳ್ಳುವುದು ಹೇಳಿದಷ್ಟು ಸುಲಭ ಅಲ್ಲ. ಕಾಲೇಜಿನ ಪ್ರತಿ ಮಾನಿಟರ್, ಪ್ರತಿ ಪ್ರೊಜೆಕ್ಟರ್ ಕಾಲೇಜಿನ ಸಾಮಾನುಗಳ ಲೆಕ್ಕ ಬರೆದಿಡುವ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿದೆ. ಆಡಿಟ್ ಬಂದಾಗ ಎಣಿಸುತ್ತಾರೆ. ಕೆಟ್ಟು ಹತ್ತು ವರ್ಷವಾದ ಸಿಸ್ಟಮ್ ಕೂಡ ಲೆಕ್ಕಕ್ಕೆ ಬೇಕು. ವಿಲೇವಾರಿ ಆಗುವವರೆಗೆ ಅದರಿಂದ ಒಂದು ಭಾಗ ಬಿಚ್ಚುವುದಕ್ಕೂ ಜನ ಹೆದರುತ್ತಾರೆ. ಒಂದು ಕಾಲೇಜಿನಲ್ಲಿ ಹನ್ನೆರಡು ಸತ್ತ ಸಿಸ್ಟಮ್ ಒಂದು ಕೋಣೆಯಲ್ಲಿ ಬೀಗದೊಳಗಿದ್ದವು. ಅವುಗಳ ಹನ್ನೆರಡು ರ್‍ಯಾಮೂ ಚೆನ್ನಾಗಿದ್ದವು. ನಮ್ಮಲ್ಲಿ ರ್‍ಯಾಮ್ ಇಲ್ಲದೆ ನಾಲ್ಕು ಸಿಸ್ಟಮ್ ನಿಂತಿದ್ದವು. ನಡುವೆ ಇದ್ದದ್ದು 19 ಕಿಲೋಮೀಟರ್ ರಸ್ತೆ ಮತ್ತು ಒಂದು ರಿಜಿಸ್ಟರ್.

ದಾರಿ ತೋರಿಸಿದವರು ನಮ್ಮ ಗ್ರಂಥಪಾಲಕರು. "ಪುಸ್ತಕ ನಾವು ಬೇರೆ ಕಾಲೇಜಿಗೆ ಕೊಡೋದಿಲ್ವಾ? ಕೊಟ್ಟ ಪುಸ್ತಕ ನಮ್ಮ ಲೆಕ್ಕದಲ್ಲೇ ಇರುತ್ತೆ. ಎರವಲು ರಿಜಿಸ್ಟರ್ ಮಾಡಿ" ಅಂದರು. ಅಷ್ಟೇ ಮಾಡಿದೆವು. ವಸ್ತು, ಅದರ ಸ್ಟಾಕ್ ನಂಬರ್, ಕೊಟ್ಟ ದಿನ, ವಾಪಸ್ ಬರಬೇಕಾದ ದಿನ, ಎರಡೂ ಪ್ರಿನ್ಸಿಪಾಲರ ಸಹಿ. ಸೆಲ್, ಕೇಬಲ್, ಕನೆಕ್ಟರ್‌ನಂಥ ಖರ್ಚಾಗುವ ಸಾಮಾನಿಗೆ ಇದು ಬೇಡ. ಐದು ಕಾಲೇಜಿನ ಪ್ರಿನ್ಸಿಪಾಲರು ಕೂತು ಎರಡು ಪುಟದ ಒಡಂಬಡಿಕೆಗೆ ಸಹಿ ಹಾಕಿದರು. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಬೇರೆ ಸಂಸ್ಥೆಗಳ ಜೊತೆಗಿನ ಒಡಂಬಡಿಕೆಗೂ ಅಂಕ ಇದೆ ಅಂತ ಗೊತ್ತಾದ ಮೇಲೆ ಕೆಲಸ ಬೇಗ ಆಯಿತು. ಹಾಗೆ ಆಗಿದ್ದರಲ್ಲಿ ತಪ್ಪೇನಿಲ್ಲ. ಕಾಗದ ಬೇಕಿತ್ತು, ಬಂತು. ನಾನು ಇನ್ನೊಂದು ಕಾಲೇಜಿಗೆ ಹೋದ ದಿನ ಈಗ ನನ್ನ ರಜೆ ಕಳೆಯುವುದಿಲ್ಲ, ಓಓಡಿ, ಅಂದರೆ ಕೆಲಸದ ಮೇಲೆ ಹೊರಗೆ ಹೋದ ಲೆಕ್ಕ, ಸಿಗುತ್ತದೆ.

ಗ್ರಂಥಾಲಯದವರಿಗೆ ಹಂಚಿಕೊಳ್ಳುವುದು ಹಳೆಯ ಅಭ್ಯಾಸ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಎನ್-ಲಿಸ್ಟ್ ಇದೆಯಲ್ಲ, ಅದರಿಂದ ನಮ್ಮಂಥ ಸಣ್ಣ ಕಾಲೇಜಿಗೂ ಸಾವಿರಾರು ಇ-ಜರ್ನಲ್ ಸಿಕ್ಕಿವೆ. ಒಂದೊಂದು ಕಾಲೇಜೂ ಬೇರೆ ಬೇರೆಯಾಗಿ ಕೊಳ್ಳಬೇಕಿದ್ದರೆ ಒಂದೂ ಸಿಗುತ್ತಿರಲಿಲ್ಲ. ಆ ಜರ್ನಲ್ ಓದಬೇಕಾದ ಸಿಸ್ಟಮ್ ಸರಿ ಮಾಡುವ ಕೈಯನ್ನು ಮಾತ್ರ ಯಾಕೆ ಒಬ್ಬೊಬ್ಬರೇ ಹುಡುಕಬೇಕು ಅನ್ನುವುದು ನನ್ನ ಪ್ರಶ್ನೆ.

ಲ್ಯಾಬಿನ ಕೆಲಸ ಸುಲಭ, ತರಗತಿಯದು ಕಷ್ಟ. ಲ್ಯಾಬಿನಲ್ಲಿ ಒಂದು ಸಿಸ್ಟಮ್ ಕೆಟ್ಟರೆ ಮಗು ಪಕ್ಕಕ್ಕೆ ಹೋಗಿ ಕೂರುತ್ತದೆ. ತರಗತಿಯಲ್ಲಿ ಪ್ರೊಜೆಕ್ಟರ್ ಬರದಿದ್ದರೆ ಅರವತ್ತು ಜೊತೆ ಕಣ್ಣು ಮೇಷ್ಟ್ರನ್ನೇ ನೋಡುತ್ತವೆ.

ನಮ್ಮ ಕನ್ನಡದ ಸರ್ ಬಗ್ಗೆ ಹೇಳಲೇಬೇಕು. ನಿವೃತ್ತಿಗೆ ಮೂರು ವರ್ಷ ಇತ್ತು. ಕೊರೊನಾ ಕಾಲದಲ್ಲಿ ಮನೆಯಲ್ಲಿ ಕೂತು, ಮಗನ ಹತ್ತಿರ ಕೇಳಿ ಕೇಳಿ, ವಚನಗಳ ಮೇಲೆ ನಲವತ್ತು ಸ್ಲೈಡು ಮಾಡಿದ್ದರು. ಕಾಲೇಜು ಶುರುವಾದ ಮೇಲೆ ಪೆನ್‌ಡ್ರೈವ್ ಹಿಡಿದು ತರಗತಿಗೆ ಬಂದರು. ತೆರೆದಾಗ ಪರದೆಯ ಮೇಲೆ ಕನ್ನಡವೇ ಇಲ್ಲ. ಇಂಗ್ಲಿಷ್ ಅಕ್ಷರಗಳು, ತಲೆಯ ಮೇಲೆ ಚುಕ್ಕಿ, ಗೀಟು, ನಡುನಡುವೆ ಏನೇನೋ ಗುರುತು. ಮಕ್ಕಳು ನಕ್ಕರು. ಸರ್ ಏನೂ ಹೇಳದೆ ಪೆನ್‌ಡ್ರೈವ್ ತೆಗೆದು ಜೇಬಿಗೆ ಹಾಕಿ, ಬೋರ್ಡಿನ ಮೇಲೆ ಬರೆಯತೊಡಗಿದರು. ನಾನು ಓಡಿ ಹೋಗುವಷ್ಟರಲ್ಲಿ ಮುಗಿದುಹೋಗಿತ್ತು.

ಅವರು ಟೈಪ್ ಮಾಡಿದ್ದು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ. ಆ ಫಾಂಟು ಅವರ ಮನೆಯಲ್ಲಿತ್ತು, ತರಗತಿಯ ಸಿಸ್ಟಮ್‌ನಲ್ಲಿ ಇರಲಿಲ್ಲ. ಹಳೆಯ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ. ಫಾಂಟು ಅದಕ್ಕೆ ಕನ್ನಡದ ಅಂಗಿ ತೊಡಿಸುತ್ತದೆ. ಅಂಗಿ ಇಲ್ಲದ ಕಡೆ ಒಳಗಿನದು ಕಾಣುತ್ತದೆ. ಸಂಜೆ ಗುಂಪಿನಲ್ಲಿ ಹಾಕಿದೆ. ಇನ್ನೊಂದು ಕಾಲೇಜಿನ ಮೇಡಂ ಅದಾಗಲೇ ತಮ್ಮ ಕನ್ನಡ ವಿಭಾಗದ ಪ್ರಶ್ನೆಪತ್ರಿಕೆಗಳನ್ನೆಲ್ಲ ಯೂನಿಕೋಡಿಗೆ ಪರಿವರ್ತಿಸಿದ್ದರು. ನಲವತ್ತೂ ಸ್ಲೈಡು ರಾತ್ರಿ ಕೂತು ಅವರೇ ಬದಲಿಸಿ ಕಳಿಸಿದರು. ಅರ್ಕಾವೊತ್ತು ಎಡವಟ್ಟಾಗುತ್ತದೆ, ಒಮ್ಮೆ ಓದಿ ನೋಡಿ ಅಂತ ಬರೆದಿದ್ದರು.

ಮಾರನೆಯ ದಿನ ಸರ್ ಹತ್ತಿರ ಹೋಗಿ, "ಸರ್, ಇವತ್ತು ಇನ್ನೊಂದು ಸಲ ಮಾಡೋಣ, ನಾನು ಹಿಂದಿನ ಬೆಂಚಲ್ಲಿ ಕೂತಿರ್ತೀನಿ" ಅಂದೆ. ಅವರು ಒಪ್ಪಲು ಎರಡು ವಾರ ಬೇಕಾಯಿತು. ನನಗೆ ಅರ್ಥವಾಯಿತು. ಮೂವತ್ತು ವರ್ಷ ತರಗತಿಯಲ್ಲಿ ತಲೆ ಎತ್ತಿ ನಿಂತವರು ಅವರು. ಒಂದು ಯಂತ್ರ ಅವರನ್ನು ಮಕ್ಕಳ ಮುಂದೆ ಪೆಚ್ಚಾಗಿಸಿದರೆ ಅವರು ಮತ್ತೆ ಅದನ್ನು ಯಾಕೆ ಮುಟ್ಟಬೇಕು? ನಮ್ಮ ಕಡೆ ಪ್ರೊಜೆಕ್ಟರುಗಳು ಧೂಳು ತಿನ್ನುತ್ತಿರುವುದಕ್ಕೆ ಮೇಷ್ಟ್ರುಗಳಿಗೆ ಆಸಕ್ತಿ ಇಲ್ಲದ್ದು ಕಾರಣ ಅಂತ ಹೇಳುವವರನ್ನು ನಾನು ಒಪ್ಪುವುದಿಲ್ಲ. ಮೊದಲ ದಿನ ಹಿಂದಿನ ಬೆಂಚಲ್ಲಿ ಯಾರೂ ಕೂತಿರಲಿಲ್ಲ, ಅದು ಕಾರಣ.

ಧೂಳು ಅಂದೆ. ಸೀಮೆಸುಣ್ಣದ ಪುಡಿ ಪ್ರೊಜೆಕ್ಟರಿನ ಫಿಲ್ಟರಿಗೆ ಕೂತರೆ ಗಾಳಿ ಆಡುವುದಿಲ್ಲ, ಬಿಸಿಯಾಗಿ ತಾನೇ ಆರಿಹೋಗುತ್ತದೆ. ದೀಪ ಹೋಯಿತು ಅಂತ ಹೊಸ ದೀಪಕ್ಕೆ ಬರೆಯುತ್ತಾರೆ. ತಿಂಗಳಿಗೊಮ್ಮೆ ಫಿಲ್ಟರ್ ತೆಗೆದು ಬ್ರಶ್ಶಿನಿಂದ ಉದುರಿಸಿದರೆ ಆಯಿತು. ಐದು ಕಾಲೇಜಿನ ಪ್ರತಿ ಪ್ರೊಜೆಕ್ಟರ್ ತರಗತಿಯಲ್ಲೂ ಈಗ ಸ್ವಿಚ್ ಬೋರ್ಡಿನ ಪಕ್ಕ ಒಂದೇ ಥರದ ಚೀಟಿ ಅಂಟಿಸಿದ್ದೇವೆ. ಕೇಬಲ್ ಎಲ್ಲಿ ಸಿಕ್ಕಿಸಬೇಕು, ವಿಂಡೋಸ್ ಕೀಲಿ ಜೊತೆ ಯಾವ ಅಕ್ಷರ ಒತ್ತಬೇಕು, ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು. ಒಂದು ಕಾಲೇಜಿನಿಂದ ಇನ್ನೊಂದಕ್ಕೆ ವರ್ಗವಾಗಿ ಹೋದ ಇತಿಹಾಸದ ಮೇಡಂ, "ಅಲ್ಲಿದ್ದ ಚೀಟೀನೇ ಇಲ್ಲೂ ಇದೆ, ಧೈರ್ಯ ಬಂತು" ಅಂದರು.

2021ರಲ್ಲಿ ರಾಜ್ಯದಲ್ಲಿ ಹೊಸ ಶಿಕ್ಷಣ ನೀತಿ ಜಾರಿಗೆ ಬಂದಾಗ ಡಿಜಿಟಲ್ ಫ್ಲುಯೆನ್ಸಿ ಅನ್ನುವ ವಿಷಯ ಬಂತು. ಬಿಎ ಮಕ್ಕಳೂ ಲ್ಯಾಬಿಗೆ ಬಂದರು. ನೀತಿ ಆಮೇಲೆ ಬದಲಾಯಿತು, ಇರಲಿ. ಅದುವರೆಗೆ ಬಿಸಿಎ, ಬಿಕಾಂ ಮಕ್ಕಳಿಗೆ ಮಾತ್ರ ತೆರೆಯುತ್ತಿದ್ದ ಬಾಗಿಲು ಎಲ್ಲರಿಗೂ ತೆರೆಯಿತು, ಅದು ನನಗೆ ಖುಷಿ ಕೊಟ್ಟ ಸಂಗತಿ. ಆದರೆ ಸಿಸ್ಟಮ್ ಅಷ್ಟೇ ಇದ್ದವು. ಹಳೆಯವನ್ನು ಎಬ್ಬಿಸಿ ನಿಲ್ಲಿಸುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿ ನೋಡಿ, ಹತ್ತು ವರ್ಷದ ಸಿಸ್ಟಮ್ ಕೂಡ ಚುರುಕಾಗುತ್ತದೆ. ಕಡಿಮೆ ದುಡ್ಡಿಗೆ ಇಷ್ಟು ಫಲ ಕೊಡುವ ರಿಪೇರಿ ಇನ್ನೊಂದಿಲ್ಲ.

ಆಮೇಲೆ ಬಂದದ್ದು ವಿಂಡೋಸ್ 10ರ ಪ್ರಶ್ನೆ. 2025ರ ಅಕ್ಟೋಬರ್ 14ಕ್ಕೆ ಅದರ ಮಾಮೂಲು ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಟಿಪಿಎಂ 2.0 ಅನ್ನುವ ಭದ್ರತೆಯ ಚಿಪ್ಪು ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರಾಚೆಯ ಪ್ರೊಸೆಸರ್ ಬೇಕು. ನಮ್ಮ ಐದು ಲ್ಯಾಬಿನಲ್ಲಿ ಅರ್ಧಕ್ಕಿಂತ ಹೆಚ್ಚು ಸಿಸ್ಟಮ್ ಅದಕ್ಕಿಂತ ಹಳೆಯವು. ಚೆನ್ನಾಗಿ ನಡೆಯುವ ಯಂತ್ರಗಳನ್ನು ಗುಜರಿಗೆ ಹಾಕುವ ಮನಸ್ಸು ನನಗಿಲ್ಲ. ಉಬುಂಟು ಅನ್ನುವ ಉಚಿತ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕಬೇಕು ಅಂತ ಬಹಳ ವರ್ಷದಿಂದ ನನ್ನ ಆಸೆ. ಒಬ್ಬಳೇ ಇದ್ದಾಗ ಧೈರ್ಯ ಇರಲಿಲ್ಲ. ಯಾಕೆ ಅಂದರೆ ಎಕ್ಸ್‌ಟರ್ನಲ್.

ಬೇರೆ ಕಾಲೇಜಿನಿಂದ ಬರುವ ಪರೀಕ್ಷಕರು ಸಿ ಭಾಷೆಯ ಪ್ರೋಗ್ರಾಂ ಓಡಿಸುವ ಟರ್ಬೊ ಸಿ ನೀಲಿ ಪರದೆಯನ್ನೇ ಹುಡುಕುತ್ತಾರೆ. 1990ರ ಸುಮಾರಿನ ಸಾಫ್ಟ್‌ವೇರ್ ಅದು. 64 ಬಿಟ್ ವಿಂಡೋಸ್‌ನಲ್ಲಿ ನೇರವಾಗಿ ಓಡುವುದೂ ಇಲ್ಲ, ಡಾಸ್‌ಬಾಕ್ಸ್ ಒಳಗೆ ಓಡಿಸಬೇಕು. ಮಕ್ಕಳು ಬರೆಯುವ ಎಷ್ಟೋ ಸಾಲುಗಳು ಇವತ್ತಿನ ಕಂಪೈಲರಿನಲ್ಲಿ ನಡೆಯುವುದೇ ಇಲ್ಲ. ಕೆಲಸಕ್ಕೆ ಹೋದಾಗ ಮತ್ತೆ ಹೊಸದಾಗಿ ಕಲಿಯುತ್ತಾರೆ. ಒಂದು ಕಾಲೇಜು ಮಾತ್ರ ಉಬುಂಟುವಿನಲ್ಲಿ ಬಳಸುವ ಜಿಸಿಸಿ ಕಂಪೈಲರಿಗೆ ಬದಲಾದರೆ ಪರೀಕ್ಷೆಯ ದಿನ ಅದರ ಮಕ್ಕಳಿಗೇ ತೊಂದರೆ. ಆದರೆ ನಮ್ಮ ಎಕ್ಸ್‌ಟರ್ನಲ್ ಬರುವುದು ಎಲ್ಲಿಂದ? ಹೆಚ್ಚಾಗಿ ಈ ಸುತ್ತಿನ ಕಾಲೇಜುಗಳಿಂದಲೇ. ಐದೂ ಕಡೆಯವರು ಒಂದೇ ದಿನ ಕೂತು, ಲ್ಯಾಬ್ ಮ್ಯಾನ್ಯುವಲ್ ಸಾಲು ಸಾಲಾಗಿ ತಿದ್ದಿ, ಒಂದೇ ಸೆಮಿಸ್ಟರಿನಲ್ಲಿ ಬದಲಾದೆವು. ಬಿಡಿಭಾಗ, ಬ್ಯಾಟರಿ ಎಲ್ಲ ಒಂದು ತೂಕ, ಇದೊಂದೇ ಒಂದು ತೂಕ. ಒಬ್ಬೊಬ್ಬರಾಗಿದ್ದರೆ ಇನ್ನೂ ಹತ್ತು ವರ್ಷ ಆ ನೀಲಿ ಪರದೆಯ ಮುಂದೆಯೇ ಕೂತಿರುತ್ತಿದ್ದೆವು.

ಬಿಕಾಂ ಮಕ್ಕಳು ಕಲಿಯುವ ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಗೆ ವಿಂಡೋಸ್ ಬೇಕೇ ಬೇಕು. ಅದಕ್ಕೆ ಹೊಸ ಪ್ರೊಸೆಸರಿನ ಎಂಟು ಸಿಸ್ಟಮ್ ಬಿಟ್ಟಿದ್ದೇವೆ. ಕನ್ನಡಕ್ಕೆ ಉಬುಂಟುವಿನಲ್ಲಿ ಐಬಸ್ ಅನ್ನುವ ಟೈಪಿಂಗ್ ಸಾಫ್ಟ್‌ವೇರ್ ಹಾಕಿ ಕೆಜಿಪಿ ಕೀಲಿಮಣೆ ಆರಿಸಿದರೆ ನುಡಿಯಲ್ಲಿ ಕಲಿತವರ ಬೆರಳು ಹಾಗೇ ಓಡುತ್ತದೆ. ಮಕ್ಕಳಿಗೆ ಲಿನಕ್ಸ್ ಪರಿಚಯ ಮಾಡಿಸಲು ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಹಾಕುತ್ತೇವೆ. ಹತ್ತು ನಿಮಿಷದ ಆಸುಪಾಸಿನ ಪಾಠಗಳು, ಕನ್ನಡದ ದನಿಯಲ್ಲೂ ಇವೆ. ಅರ್ಧ ಪರದೆಯಲ್ಲಿ ಪಾಠ, ಅರ್ಧದಲ್ಲಿ ತಾವೇ ಮಾಡುವುದು.

ಎಲ್ಲ ಸಲೀಸಾಗಿ ಆಯಿತು ಅಂತಲ್ಲ. 2019ರಲ್ಲಿ ಡ್ರೈವರ್ ಸಾಫ್ಟ್‌ವೇರ್ ತುಂಬಿಟ್ಟಿದ್ದ ನಮ್ಮ ಪೆನ್‌ಡ್ರೈವೇ ಮೂರು ಲ್ಯಾಬಿಗೆ ಶಾರ್ಟ್‌ಕಟ್ ವೈರಸ್ ಹೊತ್ತೊಯ್ದಿತು. ಮಕ್ಕಳ ಪ್ರಾಜೆಕ್ಟುಗಳು ಕಾಣೆಯಾದವು. ಕಡತಗಳು ಮರೆಯಾಗಿದ್ದವು ಅಷ್ಟೇ, ವಾಪಸ್ ತಂದೆವು. ಆದರೆ ಆ ಎರಡು ದಿನ ಮಕ್ಕಳ ಅಳು ನೋಡಲಾಗಲಿಲ್ಲ. ಆಮೇಲಿಂದ ಆ ಸಾಫ್ಟ್‌ವೇರ್ ಎಲ್ಲ ಬೀಗದ ಗುಂಡಿ ಇರುವ ಎಸ್‌ಡಿ ಕಾರ್ಡಿನಲ್ಲಿ. ಬರೆಯುವಾಗ ಮಾತ್ರ ತೆಗೆಯುವುದು, ಮಿಕ್ಕಂತೆ ಬೀಗ. ಆರನೆಯ ಕಾಲೇಜೊಂದು ಇತ್ತು, ಬಿಟ್ಟಿತು. ಅವರ ಲ್ಯಾಬಿಗೆ ನಾವು ಹೋಗಬಹುದಿತ್ತು, ಅವರ ಹುಡುಗನನ್ನು ಮಾತ್ರ ಹೊರಗೆ ಬಿಡುತ್ತಿರಲಿಲ್ಲ. ಆ ಹುಡುಗನೇ ಒಂದು ದಿನ ಫೋನ್ ಮಾಡಿ, "ಮೇಡಂ, ನಂಗೆ ಮುಯ್ಯಿ ತೀರ್ಸಕ್ಕೆ ಆಗ್ತಿಲ್ಲ, ಇನ್ನು ಕರೆಯೋಕೆ ಮುಖ ಇಲ್ಲ" ಅಂದ. ಬಾರಪ್ಪ, ಪರವಾಗಿಲ್ಲ ಅಂದೆ. ಅವನು ಮತ್ತೆ ಕರೆಯಲಿಲ್ಲ.

ಕೇರಳದಲ್ಲಿ 2001ರಲ್ಲಿ ಐಟಿ ಅಟ್ ಸ್ಕೂಲ್ ಅಂತ ಯೋಜನೆ ಶುರುವಾಯಿತು. ಈಗ ಅದು ಕೈಟ್ ಅನ್ನುವ ಸಂಸ್ಥೆ. ಅಲ್ಲಿ ಶಿಕ್ಷಕರಲ್ಲೇ ಕೆಲವರನ್ನು ಮಾಸ್ಟರ್ ಟ್ರೈನರ್ ಮಾಡಿ ಶಾಲೆಗಳಿಗೆ ಬೆಂಬಲ ಕೊಡುತ್ತಾರೆ, ಉಬುಂಟು ಆಧಾರದ ಸ್ವಂತ ಆಪರೇಟಿಂಗ್ ಸಿಸ್ಟಮ್ ಬಳಸುತ್ತಾರೆ. ನಮ್ಮ ಪದವಿ ಕಾಲೇಜುಗಳಿಗೂ ಹೀಗೆ ಒಂದು ಮಾಡಬಹುದಲ್ವಾ? ಐದಾರು ಸಣ್ಣ ಕಾಲೇಜಿಗೆ ಒಬ್ಬರು. ಪ್ರಯಾಣಭತ್ಯೆ, ಒಂದು ಟೂಲ್ ಬ್ಯಾಗ್, ಎರವಲು ಕೊಡಲು ಒಂದು ಪ್ರೊಜೆಕ್ಟರ್. ಒಳ್ಳೆಯ ಮನಸ್ಸಿನ ಐದು ಜನ ಇರುವವರೆಗೆ ನಮ್ಮದು ನಡೆಯುತ್ತದೆ. ಮಲ್ಟಿಮೀಟರಿನ ಸರ್‌ಗೆ ಮುಂದಿನ ವರ್ಷ ನಿವೃತ್ತಿ. ಅತಿಥಿ ಉಪನ್ಯಾಸಕರು ವರ್ಷ ವರ್ಷ ಬದಲಾಗುತ್ತಾರೆ, ಗುಂಪಿಗೆ ಹೊಸ ನಂಬರ್ ಸೇರಿಸುತ್ತಲೇ ಇರುತ್ತೇನೆ. ಹುದ್ದೆ ಅಂತ ಒಂದಿದ್ದರೆ ಆ ನೋಟ್‌ಬುಕ್ಕನ್ನು ಯಾರ ಕೈಗೆ ಕೊಡಬೇಕು ಅಂತಾದರೂ ಗೊತ್ತಾಗುತ್ತದೆ.

ಸೆಲ್ ಸತ್ತ ದಿನ ಫೋನ್ ಮಾಡಿದ್ದ ಆ ಉಪನ್ಯಾಸಕಿಗೂ ಆ ವರ್ಷ ಮುಗಿದ ಮೇಲೆ ಬೇರೆ ಜಿಲ್ಲೆಯಲ್ಲಿ ಜಾಗ ಸಿಕ್ಕಿತು. ಹೋಗುವ ಮೊದಲು ನಮ್ಮ ಲ್ಯಾಬಿಗೆ ಬಂದು, ನೋಟ್‌ಬುಕ್ಕಿನ ಪುಟ ಪುಟವನ್ನೂ ಫೋನಿನಲ್ಲಿ ಫೋಟೊ ತೆಗೆದುಕೊಂಡರು. ಕೊನೆಯ ಪುಟದಲ್ಲಿ ತಾವೇ ಸೆಲ್ಲಿನ ಕಥೆ ಬರೆದಿಟ್ಟರು. ಹೋದ ವಾರ ಫೋನ್ ಮಾಡಿದ್ದರು.

"ಮೇಡಂ, ಇಲ್ಲಿ ಸುತ್ತಮುತ್ತ ನಾಲ್ಕು ಕಾಲೇಜಿವೆ. ಯಾರಿಗೂ ಯಾರ ಪರಿಚಯ ಇಲ್ಲ. ನಾನು ಹೊಸಬಳು. ಸಹಾಯ ಮಾಡಿ ಅಂತ ಮೊದಲು ಯಾರನ್ನ ಕೇಳ್ಲಿ?"

"ಕೇಳೋದು ಆಮೇಲೆ. ಯಾರ ಯುಪಿಎಸ್ ನಿಲ್ತಿಲ್ಲ ವಿಚಾರಿಸಿ. ಶನಿವಾರ ಅಲ್ಲಿಗೆ ಹೋಗಿ."

"ನನ್ನ ಹತ್ರ ಮಲ್ಟಿಮೀಟರ್ ಇದೆ" ಅಂದರು.

"ಬಳೆ ತೆಗೆದಿಡಿ" ಅಂದೆ.